ಸಾಬೂನು ತೊಳೆದು ಹಾಕಿದ ವಿಳಾಸ

ಆ ಭಾನುವಾರ ಕಾಪುವಿನ ನಮ್ಮ ಮನೆಯಲ್ಲಿ ಒಂದು ಇಲಿಯ ಕಾರಣಕ್ಕೆ ನೀರುದೋಸೆ ತಣ್ಣಗಾಯಿತು. (ಇಲಿ ಅಡುಗೆಮನೆಗೆ ಬಂದದ್ದಲ್ಲ.)

ಕಾರ್ಕಳದ ನನ್ನ ತಮ್ಮನ ಮಗಳು ಶೈಲಾ ಮಣಿಪಾಲದ ಲ್ಯಾಬೊಂದರಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. ಇಲಿಯ ಜೀವಕೋಶದೊಳಗೆ ಒಂದು ಪ್ರೋಟೀನ್ ಎಲ್ಲಿರುತ್ತದೆ, ಏನು ಮಾಡುತ್ತದೆ ಎಂಬುದು ಅವಳ ವಿಷಯ. ಅಂದು ತಟ್ಟೆಯೆದುರು ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಎಂತಾಯ್ತು ಮಾರಾಯ್ತಿ?"

"ನನ್ನ ಪ್ರೋಟೀನ್ ಕೋಶದ ತುಂಬ ಹರಡಿರ್ತದೆ ಅಂತ ಪುಸ್ತಕದಲ್ಲೆಲ್ಲ ಉಂಟು ದೊಡ್ಡಪ್ಪ. ನನ್ನ ಸ್ಲೈಡಿನಲ್ಲಿ ಲೈಸೊಸೋಮಿನ ಮೇಲೆ ಮಾತ್ರ ಕೂತಿದೆ. ಸ್ಲೈಡೇ ಹಾಳು, ಥೀಸಿಸಿನ ಆ ಅಧ್ಯಾಯ ಬಿಡು ಅಂದ್ರು ಗೈಡ್ ಸರ್. ಎರಡು ವರ್ಷದ ಕೆಲಸ!"

ಲೈಸೊಸೋಮ್ ಎಂದರೆ ಹಳತನ್ನು ಕರಗಿಸಿ ಮರುಬಳಕೆಗೆ ಒದಗಿಸುವ ಪುಟ್ಟ ಚೀಲ. ಆಹಾರ ಸಾಕಷ್ಟಿದೆಯೇ ಎಂಬ ಸುದ್ದಿ ಅಲ್ಲಿಂದ ಕೋಶಕ್ಕೆ ಮುಟ್ಟಬೇಕು. ಸುದ್ದಿ ಒಯ್ಯುವ ಪ್ರೋಟೀನುಗಳನ್ನು ಚೀಲದ ಗೋಡೆಗೆ ಹಿಡಿದು ನಿಲ್ಲಿಸುವುದೇ ಅವಳ ಈ ‘ಅಡಾಪ್ಟರ್’ ಪ್ರೋಟೀನಿನ ಕೆಲಸ ಎಂಬುದು ಶೈಲಾಳ ತರ್ಕ. ಊರೆಲ್ಲ ಅಲೆಯುವವನು ಬಾಗಿಲು ಕಾಯುವುದು ಹೇಗೆ?

ನಾನು ಹೈಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಓದಿದ್ದೆಲ್ಲ ಲೈಬ್ರರಿಯ ಬೆಂಚಿನಲ್ಲಿ. ಅಚ್ಚಾದದ್ದನ್ನೆಲ್ಲ ನಂಬುವ ಶಿಸ್ತನ್ನು ಯಾರೂ ಕಲಿಸಲಿಲ್ಲ. "ಪುಸ್ತಕದವರು ಕಂಡದ್ದು ಹೇಗೆ?" ಎಂದೆ.

ಪ್ರೋಟೀನನ್ನು ಗುರುತಿಸುವ ಬಣ್ಣ ಒಳಗಿಳಿಯಲೆಂದು ಕೋಶದ ಪೊರೆಯನ್ನು ಸಾಬೂನಿನಂಥ ದ್ರಾವಣದಿಂದ ತೂತು ಮಾಡುತ್ತಾರಂತೆ. ಅವರು ಬಳಸಿದ್ದು ಪ್ರಬಲವಾದದ್ದು, ಇವಳದು ಸೌಮ್ಯ.

"ಆ ಸ್ಟ್ರಾಂಗ್ ಸಾಬೂನೇ ಅದನ್ನು ಗೋಡೆಯಿಂದ ತೊಳೆದು ಹಾಕಿರ್ಬೇಕು."

"ನಿನ್ನ ಸಾಬೂನು ಮಾತ್ರ ಸತ್ಯ ಹೇಳ್ತದಾ?"

"ನೀವು ಯಾರ ಕಡೆ ದೊಡ್ಡಪ್ಪ?" (ಮದುವೆಯಾದಂದಿನಿಂದ ನನ್ನ ಹೆಂಡತಿಯ ಪ್ರಶ್ನೆಯೂ ಇದೇ.) "ಸಾಬೂನೇ ಮುಟ್ಟಿಸದೆ ತೋರಿಸ್ತೇನೆ, ನೋಡಿ!"

ಸಿಟ್ಟಿನಲ್ಲೇ ಬಸ್ಸು ಹತ್ತಿದಳು. ಕೆಲವು ತಿಂಗಳ ಬಳಿಕ ಫೋನ್ ಬಂತು: "ಬನ್ನಿ."

ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೆ ಹೋದೆ. ಮೈಕ್ರೋಸ್ಕೋಪಿನಡಿ ಜೀವಂತ ಕೋಶಗಳು. ಪ್ರೋಟೀನಿಗೆ ಹಸಿರು ಹೊಳೆಯುವ ಗುರುತು, ಲೈಸೊಸೋಮುಗಳಿಗೆ ಕೆಂಪು. ಎಲ್ಲಿ ಕೆಂಪೋ ಅಲ್ಲೇ ಹಸಿರು. ತೊಳೆಯದೆ ಬಿಟ್ಟರೆ ಅದು ತನ್ನ ಮನೆಯಲ್ಲೇ ಇತ್ತು!

ಅವಳ ಸರ್ ಬಹಳ ಹೊತ್ತು ಇಣುಕಿದರು. ಕನ್ನಡಕ ಒರೆಸಿಕೊಂಡರು.

"ಅಧ್ಯಾಯ ಬರಿ. ಆದರೆ ಹಸಿರು ಗುರುತೇ ಅದನ್ನು ಅಲ್ಲಿಗೆ ಎಳೆದದ್ದಲ್ಲ ಅಂತಲೂ ತೋರಿಸ್ಬೇಕು, ಅಲ್ವಾ?"

ಶೈಲಾ ನಕ್ಕಳು. ಸಂಶಯದ ಮನುಷ್ಯ, ನನಗಂತೂ ಬಹಳ ಹಿಡಿಸಿದರು.

ತಿಕ್ಕಿ ತೊಳೆದ ಮೇಲೆ ಕಂಡದ್ದನ್ನೇ ನಿಜವೆಂದು ನಾವು ಇನ್ನೆಷ್ಟು ವಿಷಯಗಳಲ್ಲಿ ಅಚ್ಚು ಹಾಕಿಸಿಕೊಂಡಿದ್ದೇವೋ?