ಬಾವಲಿಯ ಕುರ್ಚಿಗಾರ

ಒಣಗಿದ ಕಾಫಿ ಗಿಡದ ಬುಡ ಕಂಡರೆ ಸಾಕು, ಬಾವಲಿ ಎಂಬ ಊರಿನ ಪದ್ಮನಾಭಣ್ಣನಿಗೆ ಅದರಲ್ಲಿ ಯಾರೋ ಕಾಲು ಚಾಚಿ ಕೂತಂತೆ ಕಾಣುತ್ತದೆ. ಮುರಿದ ನೊಗಕ್ಕೆ ದೀಪ ತೂಗುಹಾಕುತ್ತಾನೆ, ಗಾಡಿಯ ಚಕ್ರವನ್ನು ಊಟದ ಮೇಜು ಮಾಡುತ್ತಾನೆ. ಕುರ್ಚಿ ಮಾತ್ರ ಅಷ್ಟು ಸುಲಭಕ್ಕೆ ಹುಟ್ಟುವುದಿಲ್ಲ. ಬೇಕೆಂದವರನ್ನು ಅಂಗಳದ ಒದ್ದೆ ಮರಳಲ್ಲಿ ಕೂರಿಸಿ, ಎಬ್ಬಿಸಿ, ಉಳಿದ ಗುಳಿಯನ್ನು ಅಳೆಯುತ್ತಾನೆ. "ಮನುಷ್ಯ ಸುಳ್ಳು ಹೇಳ್ತಾನೆ, ಕೂತ ಜಾಗ ಹೇಳಲ್ಲ" ಎನ್ನುತ್ತಾನೆ. ಆ ಕಡೆಗೆ ಹೊಸ ಜಿಲ್ಲೆ ಆದಾಗ ಯಾವುದೋ ಕಚೇರಿಯವರು ಒಂದೇ ತರಹದ ನಲವತ್ತು ಕುರ್ಚಿ ಕೇಳಿದರು. "ನಲವತ್ತು ಜನಾನೂ ಮರಳಿಗೆ ಕಳ್ಸಿ ಸಾರೆ. ವರ್ಗ ಆದ್ರೆ ಕುರ್ಚಿನೂ ಹೊತ್ಕೊಂಡು ಹೋಗ್ಲಿ" ಎಂದ. ಅವರು ಮತ್ತೆ ಬರಲಿಲ್ಲ. ಅವನ ಜಗಲಿಯಲ್ಲಿ ಯಾರೂ ಕೂರದ ಕುರ್ಚಿಯೊಂದಿತ್ತು. ಅವನಪ್ಪನ ಕಾಲದಿಂದ ಗದ್ದೆ ಕೆಲಸಕ್ಕೆ ಬರುವ, ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ಕಾಫಿ ಕುಡಿಯುವ ವೆಳ್ಳಚ್ಚಿ ಅಜ್ಜಿಗೆಂದು ಮಾಡಿದ್ದು. ಅಜ್ಜಿ ಹಿಂಜರಿದಾಗಲೆಲ್ಲ ಎತ್ತರ ಹೆಚ್ಚಾಯಿತೆಂದುಕೊಂಡು ಕುರ್ಚಿಯ ಕಾಲುಗಳನ್ನು ಒಂದೊಂದು ಬೆರಳಗಲ ಕೊಯ್ಯುತ್ತಾ ಬಂದ. ಕಾಲು ಗೇಣುದ್ದಕ್ಕೆ ಇಳಿದ ದಿನ ಮತ್ತೆ ಗರಗಸ ಹಿಡಿದು ನಿಂತವನನ್ನು ನೋಡಿ ಅಜ್ಜಿ, "ಅದನ್ಯಾಕೆ ಕೊಯ್ತೀಯ ಮಗನೇ? ಯಜಮಾನ ನಿಂತಿರ್ವಾಗ ನಾನು ಹೆಂಗೆ ಕೂರ್ಲಿ? ನೀನು ಕೂತ್ಕೊ ಮೊದ್ಲು" ಎಂದಳು. ಪದ್ಮನಾಭಣ್ಣ ಗರಗಸ ಕೆಳಗಿಟ್ಟು ಮರಳಲ್ಲಿ ಕೂತ. ಅಜ್ಜಿ ಕುರ್ಚಿಯಲ್ಲಿ ಕೂತು ಲೋಟದ ಕಾಫಿಯನ್ನು ನಿಧಾನವಾಗಿ ಮುಗಿಸಿದಳು. ಅವನು ಎದ್ದ ಮೇಲೆ ಮರಳಿನ ಗುಳಿಯತ್ತ ಕೈ ತೋರಿಸಿ, "ಇದನ್ನೂ ಅಳೆದು ಇಟ್ಕೋ" ಎಂದಳು.