ರೂಟಪ್ಪನ ಹೆಸರಿನ ಫೈಲುಗಳು

ನರ್ಸಿಂಗ್ ತರಬೇತಿ ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳುವ ಮನುಷ್ಯನನ್ನು ಅಲ್ಲಿ ಎಲ್ಲರೂ ರೂಟಪ್ಪ ಎಂದೇ ಕರೆಯುತ್ತಾರೆ. ಸರ್ವರಿನಲ್ಲಿ ರೂಟ್ ಎಂಬುದು ಯಜಮಾನ ಖಾತೆ. ಅದರಲ್ಲಿ ಹೊಕ್ಕವನನ್ನು ಯಾವ ಫೈಲೂ ಬಾಗಿಲಲ್ಲಿ ತಡೆಯುವುದಿಲ್ಲ. ಸಣ್ಣ ಕೆಲಸಕ್ಕೆ ಸಣ್ಣ ಖಾತೆ ಸಾಕೆಂದು ಗೊತ್ತಿದ್ದೂ, ಹದಿನಾಲ್ಕು ವರ್ಷದಿಂದ ಆತ ಒಂದು ಅಲ್ಪವಿರಾಮ ತಿದ್ದಲೂ ರೂಟ್ ಆಗಿಯೇ ಒಳಗೆ ಹೋಗುತ್ತ ಬಂದಿದ್ದಾನೆ. ಆ ಹೆಸರು ಗೇಲಿಗೆ ಇಟ್ಟದ್ದೆಂದು ಆತನಿಗೆ ಇನ್ನೂ ಹೊಳೆದಿಲ್ಲ.

ತರಬೇತಿಗೆ ಅರ್ಜಿ ಹಾಕಲು ಅಂದು ಸಂಜೆ ಐದಕ್ಕೆ ಕೊನೆ. ರೂಟಪ್ಪನ ಅತ್ತಿಗೆಗೆ ನಲವತ್ತು ತುಂಬಲು ಎರಡು ತಿಂಗಳಿತ್ತು. ನಲವತ್ತು ದಾಟಿದವರಿಗೆ ಅಲ್ಲಿ ಜಾಗವಿಲ್ಲ. ಹತ್ತು ದಿನ ಮೊದಲೇ ಕಾಗದಪತ್ರ ಜೋಡಿಸಿಟ್ಟಿದ್ದ ಆಕೆಯನ್ನು ತಡೆದವನು ಈತನೇ. “ಈಗ ನೂಕುನುಗ್ಗಲು ಅತ್ತಿಗೆ. ಕೊನೇ ದಿನ ಆರಾಮಾಗಿ ಹಾಕಿ. ನಾನಿದ್ದೀನಲ್ಲ!”

ಕೊನೆಯ ದಿನ ಬೆಳಗ್ಗೆ ಹಳೆಯ ಸರ್ವರ್ ಕೈಕೊಟ್ಟಿತು. ರೂಟಪ್ಪ ಬೆವರಲಿಲ್ಲ. ಹಿಂದಿನ ದಿನದ ಬ್ಯಾಕಪ್ ಇತ್ತು, ಹೊಸ ಸರ್ವರ್ ಇತ್ತು. ರೂಟ್ ಆಗಿ ಒಳಹೊಕ್ಕು, ಗಂಟು ಬಿಚ್ಚಿದಂತೆ ಬ್ಯಾಕಪ್ಪಿನ ಎಲ್ಲವನ್ನೂ ಹೊಸದರಲ್ಲಿ ಸುರಿದ. ಆಮೇಲೆ ಸೈಟ್ ತೆರೆದರೆ ಬಿಳಿ ಪುಟದ ಮೇಲೆ ಒಂದೇ ಸಾಲು: ನಿಮಗೆ ಪ್ರವೇಶವಿಲ್ಲ.

“ನನಗೇ?” ಎಂದ ರೂಟಪ್ಪ, ಜೋರಾಗಿ.

ಸರ್ವರನ್ನು ಆರಿಸಿ ಹಚ್ಚಿದ. ಮೂರು ಬ್ರೌಸರ್ ಬದಲಿಸಿದ. ಆಮೇಲೆ ಕುರ್ಚಿ ಬದಲಿಸಿದ. ಹನ್ನೆರಡಕ್ಕೆ ಅತ್ತಿಗೆಯ ಫೋನು.

“ಏನಪ್ಪಾ, ನಿನ್ನ ಸೈಟು ನನ್ನ ಒಳಗೇ ಬಿಡ್ತಿಲ್ಲ?”

“ಐದು ನಿಮಿಷ ಅತ್ತಿಗೆ.”

ಎರಡಕ್ಕೆ ಮತ್ತೆ. “ನಿನ್ನ ಐದು ನಿಮಿಷ ಎಷ್ಟು ಗಂಟೆ ಇರತ್ತೆ ಅಂತ ಮೊದಲೇ ಹೇಳಿದ್ರೆ ಅಡುಗೆನಾದ್ರೂ ಮುಗಿಸ್ತಿದ್ದೆ.”

ಊಟದ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದ. ಕಿಟಕಿಯ ತನಕ ಹೋಗಿ ಬಂದ. ಕೊನೆಗೆ, ಯಾರು ಬೇಕಾದರೂ ಓದಲಿ, ಯಾರು ಬೇಕಾದರೂ ಬರೆಯಲಿ ಎಂದು ಎಲ್ಲ ಫೈಲುಗಳನ್ನೂ ಊರಿಗೇ ತೆರೆದಿಟ್ಟ. ಸರ್ವರಿನ ಕಾವಲು ವ್ಯವಸ್ಥೆಗೆ ಅದು ಇನ್ನೂ ದೊಡ್ಡ ಅಪರಾಧವಾಗಿ ಕಂಡಿತು. ಇಷ್ಟು ಹಾಳುಬಿಟ್ಟ ಫೈಲನ್ನು ನಾನು ನಡೆಸೆನು ಎಂದು ಅದು ಮುನಿಸಿಕೊಂಡು, ಪ್ರವೇಶವಿಲ್ಲ ಎಂಬ ಸಾಲನ್ನೂ ಕಿತ್ತು ಬರೀ ದೋಷದ ಸಂಖ್ಯೆ ತೋರಿಸಿತು.

ಆಗ ಮೂರೂಮುಕ್ಕಾಲು. ರೆಕಾರ್ಡ್ ರೂಮಿನ ಮೇಡಂ ಯಾವುದೋ ರಿಜಿಸ್ಟರಿಗೆ ಸಹಿ ಕೇಳಲು ಬಂದವರು, ಆತನ ಮುಖ ನೋಡಿ ನಿಂತರು.

“ಏನ್ರೀ ರೂಟಪ್ಪನವರೇ, ಯಾರಾದ್ರೂ ಹೋದ್ರಾ?”

“ಫೈಲೆಲ್ಲ ಇದೆ ಮೇಡಂ. ಸೈಟು ಓದ್ತಿಲ್ಲ.”

“ಯಾರ ಹೆಸರಲ್ಲಿದೆ?”

“ನನ್ನ ಹೆಸರಲ್ಲೇ. ರೂಟ್.”

“ಓದೋದು ಯಾರು? ನೀವಾ?”

“ಅಲ್ಲ, ಸೈಟ್ ನಡೆಸೋಕೆ ಬೇರೆ ಖಾತೆ ಇದೆ. ಸಣ್ಣದು.”

“ಮತ್ತೆ? ನಮ್ಮಲ್ಲಿ ಫೈಲು ಯಾರು ನಡೆಸ್ತಾರೋ ಅವರ ಹೆಸರಿಗೆ ಬರೆದು ಕೊಡ್ತೀವಪ್ಪ. ಪ್ರಿನ್ಸಿಪಾಲರ ಹೆಸರಿಗೆ ಬರೆದ್ರೆ ಅವರ ಬೀರುವಿನಲ್ಲೇ ಕೊಳೆಯತ್ತೆ. ಸಹಿ ಹಾಕಿ.”

ಸಹಿ ಹಾಕುವ ಕೈ ಅರ್ಧದಲ್ಲೇ ನಿಂತಿತು. ಹಳೆಯ ಸರ್ವರಿನಲ್ಲಿ ಆ ಫೈಲುಗಳೆಲ್ಲ ಆ ಬಡಪಾಯಿ ಖಾತೆಯ ಹೆಸರಿನಲ್ಲಿದ್ದವು. ರೂಟ್ ಆಗಿ ಸುರಿದದ್ದರಿಂದ ಒಂದೊಂದೂ ಯಜಮಾನನ ಸ್ವತ್ತಾಗಿಬಿಟ್ಟಿತ್ತು.

ಫೈಲುಗಳನ್ನು ಆ ಸಣ್ಣ ಖಾತೆಯ ಹೆಸರಿಗೆ ಬದಲಿಸಿದ. ತೆರೆದಿಟ್ಟದ್ದನ್ನು ಮತ್ತೆ ಹದಕ್ಕೆ ಮುಚ್ಚಿದ. ನಾಲ್ಕೂ ಇಪ್ಪತ್ತಕ್ಕೆ ಮುಖಪುಟ ಬಂತು. “ಹಾಕಿ ಅತ್ತಿಗೆ, ಹಾಕಿ!”

“ಅರ್ಜಿ ತುಂಬಿಸ್ಕೊಳ್ತು, ಅಂಕಪಟ್ಟಿ ನುಂಗ್ತಿಲ್ಲ ಕಣೋ.”

ಅವಸರದಲ್ಲಿ ಮೇಲಿನ ಫೋಲ್ಡರುಗಳ ಹೆಸರು ಮಾತ್ರ ಬದಲಾಗಿತ್ತು. ಅಂಕಪಟ್ಟಿ ಸೇರುವ ಒಳಗಿನ ಫೋಲ್ಡರ್ ಇನ್ನೂ ರೂಟಪ್ಪನ ಪಾಲಿನಲ್ಲೇ ಇತ್ತು. ಅದನ್ನು ಹುಡುಕುವಷ್ಟರಲ್ಲಿ ನಾಲ್ಕು ನಲವತ್ತಾರು. ಈ ಸಲ ಒಳಗೊಳಗಿನ ಎಲ್ಲವನ್ನೂ ಒಂದೇ ಆಜ್ಞೆಯಲ್ಲಿ ಬಿಟ್ಟುಕೊಟ್ಟ. ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತ. ಆ ಕಡೆ ಅತ್ತಿಗೆ ಅಂಕಪಟ್ಟಿಯನ್ನು ಮತ್ತೆ ಏರಿಸುತ್ತಿದ್ದರು.

“ರಸೀದಿ ಬಂತು,” ಎಂದರು ಕೊನೆಗೆ. “ಇನ್ನೂರ ಹನ್ನೆರಡನೇ ನಂಬರು.”

“ನಾನು ಹೇಳ್ಲಿಲ್ವಾ ಅತ್ತಿಗೆ...”

“ಹೇಳಿದ್ದೆಯಪ್ಪಾ, ಹೇಳಿದ್ದೆ. ಪ್ರವೇಶ ಪರೀಕ್ಷೆ ದಿನ ಮಾತ್ರ ನೀನು ಸಹಾಯಕ್ಕೆ ಬರಬೇಡ. ನಾನೊಬ್ಬಳೇ ಹೋಗ್ತೀನಿ.”

ಐದು ಹೊಡೆದು ಅರ್ಜಿಯ ಬಾಗಿಲು ಮುಚ್ಚಿತು. ರೂಟಪ್ಪ ಬಂದ ಅರ್ಜಿಗಳ ಪಟ್ಟಿ ತೆರೆದು ಇನ್ನೂರ ಹನ್ನೆರಡು ಇದೆಯೇ ಎಂದು ನೋಡಿದ. ಇತ್ತು. ಪುಟವನ್ನು ಮತ್ತೆ ತೆರೆದು, ಮತ್ತೊಮ್ಮೆ ನೋಡಿದ.