ಮೇಸ್ತ್ರಿ ಮತ್ತು ನಾಲ್ಕನೆಯ ಮಿಕ್ಸಿ

ರಟ್ಟಿನ ಪೆಟ್ಟಿಗೆಗಳಿಗೆ ಎದೆ ಎಂಬುದೊಂದು ಇದ್ದಿದ್ದರೆ, ನಮ್ಮ ಕಟ್ಟಡದ ಎರಡನೆಯ ಮಹಡಿಯ ಹೆಸರು ಕೇಳಿದೊಡನೆ ಒಡೆದು ಹೋಗುತ್ತಿತ್ತು. ಅಲ್ಲಿ ಮೇಸ್ತ್ರಿ ಇದ್ದಾರೆ. ಆನ್‌ಲೈನಿನಲ್ಲಿ ತರಿಸಿದ ಸಾಮಾನನ್ನು ಅವರು ಬಿಚ್ಚುವುದಿಲ್ಲ, ವಿಚಾರಣೆ ಮಾಡುತ್ತಾರೆ. ಕಿವಿಗಿಟ್ಟು ಅಲುಗಾಡಿಸಿ, ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ, ಟೇಪಿನ ಮೇಲೆ ಉಗುರೆಳೆದು, ಕಡೆಗೆ ಮೂಸುತ್ತಾರೆ. ಕಟ್ಟಿದವನು ಊಟಕ್ಕೆ ಮುಂಚೆ ಕಟ್ಟಿದನೋ ಊಟವಾದ ಮೇಲೋ ಎಂಬುದು ಮೂಸಿದ ಮಾತ್ರಕ್ಕೆ ತಿಳಿಯುತ್ತದೆಂದು ಪ್ರತೀತಿ. ಒಂದು ಪೆಟ್ಟಿಗೆಯಂತೂ ಅವರ ನೋಟ ತಾಳಲಾರದೆ ತಾನಾಗಿಯೇ ಬಾಯಿಬಿಟ್ಟಿತೆಂದು ನೆಲಮಹಡಿಯ ದರ್ಜಿ ಆಣೆ ಮಾಡುತ್ತಾನೆ. ಅದು ಮಳೆಯಲ್ಲಿ ನೆನೆದಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ.

ವಿದ್ಯೆ ಸುಮ್ಮನೆ ಬಂದದ್ದಲ್ಲ. ಪಿಂಗಾಣಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಮೇಸ್ತ್ರಿಯಾಗಿ ದುಡಿದವರು. ಸೀಳುಬಿಟ್ಟ ತಟ್ಟೆಗಳು ವಾಪಸು ಬಂದರೆ, ಮೇಲೆ ಹೊಸ ಟೇಪು ಹಚ್ಚಿ ಇನ್ನೊಂದು ಊರಿಗೆ ಸಾಗಹಾಕಿದ್ದೂ ಇದೇ ಕೈ. ಹಾಗಾಗಿ ಎಲ್ಲೇ ಎರಡು ಸುತ್ತು ಟೇಪು ಕಂಡರೂ ಅದರ ಹಿಂದೆ ಅವರಿಗೆ ತಮ್ಮದೇ ಮುಖ ಕಾಣುತ್ತದೆ.

ಮನೆಯ ಹಳೆಯ ಮಿಕ್ಸಿ ಸುಟ್ಟುಹೋದ ವಾರವೇ ಮೇಸ್ತ್ರಿಯ ಹೆಂಡತಿಯ ಬಲಭುಜ ಹಿಡಿದುಕೊಂಡಿತು. ಭಾರ ಎತ್ತಬೇಡಿ, ಕುಟ್ಟಬೇಡಿ ಎಂದರು ಡಾಕ್ಟರು. ಆಕೆ ಎಡಗೈಯಲ್ಲೇ ಬೆಳ್ಳುಳ್ಳಿ, ಮೆಣಸು ಕುಟ್ಟುತ್ತಾ ಹೊಸ ಮಿಕ್ಸಿಗಾಗಿ ಕಾದರು.

ಮೊದಲ ಮಿಕ್ಸಿಗೆ ಎರಡು ಸುತ್ತು ಟೇಪಿತ್ತು. ವಾಪಸು. ಎರಡನೆಯದರ ಮೂಲೆ ನಜ್ಜಾಗಿತ್ತು. ವಾಪಸು. ಮೂರನೆಯದರಲ್ಲಿ ಎಷ್ಟು ತಡಕಿದರೂ ಒಂದು ಕುಂದೂ ಸಿಗಲಿಲ್ಲ. ಮೇಸ್ತ್ರಿಯ ಮುಖ ಕಪ್ಪಿಟ್ಟಿತು.

“ಇಷ್ಟು ನೀಟಾಗಿ ಕಟ್ಟಿದ್ದಾರೆ ಅಂದ್ರೆ ಒಳಗೆ ಏನೋ ಮುಚ್ಚಿಟ್ಟಿದ್ದಾರೆ.”

“ಬಿಚ್ಚಿ ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?” ಎಂದರು ಹೆಂಡತಿ.

“ಬಿಚ್ಚಿದ್ರೆ ಅದು ನಮ್ಮದೇ ಆಗಿಬಿಡುತ್ತೆ ಕಣೇ. ಅವರಿಗೆ ಬೇಕಾಗಿರೋದೂ ಅದೇ!”

“ನಮ್ಮದಾಗ್ಲಿ ಅಂತಲೇ ಅಲ್ವೇನ್ರೀ ತರಿಸಿದ್ದು?”

ಅದೂ ವಾಪಸು ಹೋಯಿತು. ಮರುದಿನ ಬೆಳಿಗ್ಗೆ ಆಕೆಗೆ ತಲೆ ಬಾಚಿಕೊಳ್ಳಲು ಎಡಗೈಯೂ ಏಳಲಿಲ್ಲ. ಜಗಳವಾಡಲಿಲ್ಲ, ಕಣ್ಣೀರು ಹಾಕಲಿಲ್ಲ. ಕಲ್ಲಿನ ಕುಟ್ಟಾಣಿಯನ್ನು ಕಾಲಿನಿಂದ ಗಂಡನ ಮುಂದಕ್ಕೆ ತಳ್ಳಿದರು.

“ಅನುಮಾನ ನಿಮ್ಮದು. ಇನ್ನು ಕುಟ್ಟೋದೂ ನಿಮ್ಮದೇ” ಎಂದು ಹೋಗಿ ಕಿಟಕಿ ಪಕ್ಕ ಕೂತುಬಿಟ್ಟರು.

ನಾಲ್ಕು ದಿನ ಎರಡನೆಯ ಮಹಡಿಯಿಂದ ಧಡ್ ಧಡ್ ಸದ್ದು ಕೇಳಿಬಂತು. ಪಾರ್ಸೆಲ್ ಪರೀಕ್ಷಿಸಲು ಮೇಸ್ತ್ರಿ ಹೊಸ ಯಂತ್ರ ಕಟ್ಟುತ್ತಿದ್ದಾರೆಂದು ಕಟ್ಟಡವೆಲ್ಲ ನಂಬಿತು.

ಐದನೆಯ ದಿನ ನಾಲ್ಕನೆಯ ಮಿಕ್ಸಿ ಬಂತು. ಪಾರ್ಸೆಲ್ ತರುವ ಹೆಂಗಸು ವಾಪಸಾತಿ ಚೀಟಿಯನ್ನು ಮೊದಲೇ ಬರೆದಿಟ್ಟುಕೊಂಡಿದ್ದಳು.

“ಮಾವ, ಬಾಗಿಲಲ್ಲೇ ತೀರ್ಪು ಹೇಳಿಬಿಡಿ. ನಿಮ್ಮ ಮೆಟ್ಟಿಲು ಹತ್ತಿ ಹತ್ತಿ ನನ್ನ ಮೊಣಕಾಲು ಸವೆದೇ ಹೋಯ್ತು.”

ತಮಾಷೆ ನೋಡಲು ದರ್ಜಿಯೂ ಕತ್ತರಿ ಹಿಡಿದೇ ಓಡಿಬಂದ. ಪೆಟ್ಟಿಗೆಯೋ, ಪಾಪಗಳ ಮೂಟೆ: ಮೂರು ಸುತ್ತು ಟೇಪು, ಎರಡು ನಜ್ಜು ಮೂಲೆ, ಯಾರದೋ ವಿಳಾಸದ ಮೇಲೆ ಇವರ ವಿಳಾಸದ ಚೀಟಿ. ಇಂಥ ಅಪರಾಧಿ ಮೇಸ್ತ್ರಿಯ ಹೊಸಿಲಿಗೆ ಹಿಂದೆಂದೂ ಬಂದಿರಲಿಲ್ಲ. ಕಿಟಕಿಯ ಬಳಿಯಿಂದ ಹೆಂಡತಿ ಕತ್ತು ಚಾಚಿ ನೋಡಿದರು.

ಮೇಸ್ತ್ರಿ ಅಲುಗಾಡಿಸಲಿಲ್ಲ. ಮೂಸಲಿಲ್ಲ. ದರ್ಜಿಯ ಕೈಯಿಂದ ಕತ್ತರಿ ಕಸಿದು ಪರ್ರನೆ ಟೇಪು ಸೀಳಿದರು. ಮಿಕ್ಸಿ ಹೊರಬಂತು, ಪ್ಲಗ್ಗಿಗೆ ಸಿಕ್ಕಿತು, ಗುರ್ರೆಂದಿತು. ಹೆಂಡತಿ ಎದ್ದು ಬಂದು ಒಂದು ಹಿಡಿ ಬೆಳ್ಳುಳ್ಳಿ ಹಾಕಿದರು. ಕಣ್ಣು ಮಿಟುಕಿಸುವುದರೊಳಗೆ ನುಣ್ಣಗಾಯಿತು. ಆಕೆ ಬೆರಳಲ್ಲಿ ಮುಟ್ಟಿ ನೋಡಿ, ಮೂರು ವಾರದಲ್ಲಿ ಮೊದಲ ಸಲ ನಕ್ಕರು.

ಪಾರ್ಸೆಲ್ ಹೆಂಗಸು ಚೀಟಿಯನ್ನು ಹರಿಯಬೇಕೋ ಬೇಡವೋ ತಿಳಿಯದೆ ನಿಂತಳು. ದರ್ಜಿಗೆ ತಡೆಯಲಾಗಲಿಲ್ಲ.

“ಮೇಸ್ತ್ರೀ, ಆ ಮೂರನ್ನೂ ಓಡಿಸಿ ಇದನ್ನೇ ನಂಬಿದ್ರಲ್ಲ, ಇದರಲ್ಲಿ ಏನು ಗುಟ್ಟು ಕಂಡ್ರಿ? ಟೇಪಿನ ಬಣ್ಣವಾ?”

“ಮೂಲೆ ಇರ್ಬೇಕು” ಎಂದಳು ಪಾರ್ಸೆಲ್ ಹೆಂಗಸು.

ಮೇಸ್ತ್ರಿ ಬಲ ಅಂಗೈ ಬಿಡಿಸಿ ಉಫ್ ಎಂದು ಊದಿಕೊಂಡರು.

“ನಂಬ್ಲಿಲ್ಲ ಕಣಯ್ಯಾ. ಕೈಯೆಲ್ಲ ಬೊಬ್ಬೆ ಬಂದಿತ್ತು.”